ನಮ್ಮ ಯಜಮಾನ್ರಿಗೂ ಇದೇ ಆಗಿತ್ತು

ಮೂಗಿನ ಆಪರೇಷನ್ ಆದವರು ಎಚ್ಚರಾದ ಕೂಡಲೇ ಹೆದರುವುದು ನೋವಿಗಲ್ಲ, ಉಸಿರಿಗೆ. ಎರಡೂ ಹೊಳ್ಳೆಗಳಲ್ಲಿ ಬಟ್ಟೆಯ ಬತ್ತಿ ತುರುಕಿರುತ್ತಾರೆ. ತನಗೊಂದು ಬಾಯಿ ಇದೆ ಎನ್ನುವುದೇ ಆ ಹೊತ್ತಿಗೆ ಮರೆತುಹೋಗಿರುತ್ತದೆ. ಆ ವಾರ್ಡಿನಲ್ಲಿ ನಮ್ಮಕ್ಕ ನರ್ಸು. ತಲೆದಿಂಬು ಎತ್ತರಿಸಿ, ಹಣೆಗೆ ಐಸ್ ಚೀಲವಿಟ್ಟು, ಒಣಗಿದ ತುಟಿಗೆ ಒದ್ದೆ ಹತ್ತಿ ಒತ್ತಿ, ನೋವು ಜೋರಾಗುವ ಮೊದಲೇ ಮಾತ್ರೆ ಕೊಟ್ಟು, ಕೈ ಹಿಡಿದು ಹೇಳುತ್ತಿದ್ದಳು: "ನಮ್ಮ ಯಜಮಾನ್ರಿಗೂ ಇದೇ ಆಗಿತ್ತು. ಬಾಯಲ್ಲಿ ಉಸಿರಾಡಿ. ಬತ್ತಿ ತೆಗೆದ ಮೇಲೆ ನೋಡಿ, ಮಗು ಥರ ನಿದ್ದೆ ಮಾಡ್ತೀರ."

ಹಸಿ ಸುಳ್ಳು. ಭಾವನ ಮೂಗಿಗೆ ನೆಗಡಿ ಬಿಟ್ಟು ಬೇರೇನೂ ಆಗಿರಲಿಲ್ಲ. ಊಟಕ್ಕೆ ಕೂತಾಗ ಆ ಮಹಾರಾಯ, "ಇವತ್ತು ನನ್ನ ಮೂಗು ಎಷ್ಟು ಸಲ ಕೊಯ್ಸಿದೆ?" ಎಂದು ಕೇಳಿ ನಗುತ್ತಿದ್ದ. ಅಕ್ಕನೂ ನಗುತ್ತಿದ್ದಳು. ಆ ಮನೆಯಲ್ಲಿ ಇಬ್ಬರೂ ಕೂಡಿ ನಗುತ್ತಿದ್ದುದು ಅದೊಂದಕ್ಕೇ.

ಕೊನೆಗೆ ಭಾವನ ಮೂಗಿನಲ್ಲೇ ದುರ್ಮಾಂಸ ಬೆಳೆಯಿತು. ಆಪರೇಷನ್ನಿಗೆ ಸೇರಿಸಿದ್ದೂ ಅದೇ ವಾರ್ಡಿಗೆ. ಅಕ್ಕ ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. "ಊರೋರನ್ನೆಲ್ಲ ಸಮಾಧಾನ ಮಾಡಿದೀನಿ, ಇವರೊಬ್ಬರನ್ನ ಮಾಡಕ್ಕಾಗಲ್ವೇನೇ?" ಎಂದು ನನ್ನ ಹತ್ತಿರ ಜಂಬ ಕೊಚ್ಚಿದಳು.

ಭಾವ ಎಚ್ಚರಾದವನೇ ಬತ್ತಿ ಕೀಳಲು ಕೈ ಹಾಕಿದ. ಅಕ್ಕ ಆ ಕೈ ಹಿಡಿದು, "ಏನೂ ಆಗಲ್ಲ ರೀ, ಬಾಯಲ್ಲಿ ಉಸಿರಾಡಿ," ಎಂದಳು.

ಅವನು ಕೊಸರಿಕೊಂಡ. "ನಿನ್ನ ಮಾತು ನಂಬಬೇಕಾ? ಎಲ್ರಿಗೂ ಸುಳ್ಳು ಹೇಳೋಳು ನೀನು! ಬೇರೆ ಯಾರನ್ನಾದ್ರೂ ಕರಿ!"

ಕಟ್ಟಿದ ಮೂಗಿನ ದನಿಯಾದರೂ ವಾರ್ಡಿಗೆಲ್ಲ ಕೇಳಿಸಿತು. ಬೆಳಿಗ್ಗೆಯಷ್ಟೇ ಅಕ್ಕನ ಮಾತು ನಂಬಿ ಧೈರ್ಯ ತಂದುಕೊಂಡಿದ್ದ ಪಕ್ಕದ ಹಾಸಿಗೆಯ ಹೆಂಗಸು ಮುಖ ಆಚೆಗೆ ತಿರುಗಿಸಿದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಆ ಗಿಡಕ್ಕೆ ಏನನ್ನಿಸುತ್ತದೆಂದು ಯಾರೂ ಕೇಳುವುದಿಲ್ಲ. ಹಾಸಿಗೆಯ ಕಾಲ ಬಳಿ ನಿಂತಿದ್ದ ನನಗಂತೂ ಭಾವನ ಮುಖಕ್ಕೆ ಆ ಐಸ್ ಚೀಲವನ್ನೇ ಎಸೆಯಬೇಕೆನ್ನಿಸಿತು.

ಹೊಸದಾಗಿ ಸೇರಿದ್ದ ನರ್ಸು ಓಡಿಬಂದಳು. ಅಕ್ಕನೇ ಕೆಲಸ ಕಲಿಸಿದ ಹುಡುಗಿ. ಒದ್ದೆ ಹತ್ತಿ ಒತ್ತಿ, ಕೈ ಹಿಡಿದು, "ಅಂಕಲ್, ನಮ್ಮಪ್ಪಂಗೂ ಇದೇ ಆಗಿತ್ತು," ಎಂದಳು. ಭಾವ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಏದುಸಿರು ಇಳಿಯಿತು. ಆ ಹುಡುಗಿ ಹುಟ್ಟುವ ಮೊದಲೇ ಅವಳಪ್ಪ ತೀರಿಕೊಂಡಿದ್ದ. ಅದು ಅಕ್ಕನಿಗೂ ಗೊತ್ತಿತ್ತು, ಅಕ್ಕನಿಂದ ನನಗೂ.

ನನಗೆ ಹೊಟ್ಟೆ ಉರಿದುಹೋಯಿತು. ಅಕ್ಕನ ಕಿವಿಯಲ್ಲಿ, "ಹೇಳ್ಬಿಡೇ, ಅವಳು ಹೇಳಿದ್ದೂ ಸುಳ್ಳು ಅಂತ," ಎಂದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಸುಮ್ನಿರೇ. ಈಗ ತಾನೇ ನಿದ್ದೆ ಹತ್ತಿದೆ ಅವರಿಗೆ."