ಊಟ ಸೇರದ ದಿನಗಳ ಲೆಕ್ಕ

ಒಡವೆ ಇಟ್ಟುಕೊಂಡು ಸಾಲ ಕೊಡುವ ಕಚೇರಿ ನಮ್ಮದು. ಬೀದಿಗೆ ಗಾಜಿನ ಬಾಗಿಲು, ಒಳಗೆ ಉದ್ದನೆಯ ಕೌಂಟರು, ಕೌಂಟರಿನ ಹಿಂದೆ ಎರಡು ಮೇಜು. ಒಂದರಲ್ಲಿ ಕ್ಯಾಶಿಯರ್ ಆದ ನಾನು, ಇನ್ನೊಂದರಲ್ಲಿ ಅಕ್ಕ. ನನ್ನ ಒಡಹುಟ್ಟಿದವರೇನಲ್ಲ. ಗಿರಾಕಿಗಳು, ಗಾರ್ಡು, ಅವರಿಗಿಂತ ಎರಡು ವರ್ಷ ದೊಡ್ಡವರಾದ ಮ್ಯಾನೇಜರು, ಎಲ್ಲರಿಗೂ ಅವರು ಅಕ್ಕನೇ. ಬಂದ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಆ ಗೆರೆಯ ಮೇಲೆ ಒಂದು ತೊಟ್ಟು ಆಸಿಡ್ ಬಿಟ್ಟು, ಇದು ಚಿನ್ನ, ಇದು ಅಲ್ಲ ಎಂದು ಹೇಳುವುದು ಅವರ ಕೆಲಸ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಅವರ ಮಾತು ಸುಳ್ಳಾಗಿಲ್ಲ.

ಅದು ಜಾಣತನ ಎಂದು ಬೇರೆಯವರು ಅಂದುಕೊಂಡಿದ್ದಾರೆ. ಪಕ್ಕದಲ್ಲೇ ಒಂಬತ್ತು ವರ್ಷ ಕೂತ ನನಗೆ ಗೊತ್ತು, ಅದು ಭಯ. ಅಕ್ಕನಷ್ಟು ಹೆದರುವ ಹೆಂಗಸನ್ನು ನಾನು ಕಂಡಿಲ್ಲ. ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುತ್ತಾರೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹತ್ತಿದ ಬಸ್ಸು ಇಳಿದು ವಾಪಸ್ ಹೋಗುತ್ತಾರೆ. "ಮೊದ್ಲು ಸುಳ್ಳು ಅಂತಾನೇ ಅಂದ್ಕೋಬೇಕು ಕಣೇ. ನಿಜವಾಗ್ಲೂ ಚಿನ್ನ ಆಗಿದ್ರೆ ಅದೇ ಬಾಯಿ ಬಿಡುತ್ತೆ," ಅನ್ನುತ್ತಾರೆ.

ಇನ್ನೊಂದು ಅಭ್ಯಾಸವಿದೆ. ವಾಪಸ್ ಕೊಡಬೇಕಾದ ಒಡವೆಯನ್ನು ತಟ್ಟೆಯಲ್ಲಿಟ್ಟು ತಳ್ಳುವುದಿಲ್ಲ. ಗಿರಾಕಿಯ ಅಂಗೈಯಲ್ಲೇ ಇಟ್ಟು, ಅವರ ಬೆರಳುಗಳನ್ನು ತಾವೇ ಮಡಚುತ್ತಾರೆ. ಅದು ಅಪ್ಪನ ಕಾಲದ ಭಯ. ಅಪ್ಪ ಒಡವೆ ಮಾಡುತ್ತಿದ್ದವರು. ಒಂದು ಸಂಜೆ ಯಾರದೋ ಸರ ಕಾಣೆಯಾಯಿತು. ಮರುದಿನ ಬೆಳಿಗ್ಗೆ ತಕ್ಕಡಿ ಪೆಟ್ಟಿಗೆಯ ಬಟ್ಟೆಯಡಿ ಸಿಕ್ಕಿತು, ಓಡಿಹೋಗಿ ಕೊಟ್ಟೂ ಬಂದರು. ಆದರೆ ಒಂದು ರಾತ್ರಿ ಅದು ಅವರ ಮನೆಯಲ್ಲಿತ್ತಲ್ಲ, ಜನಕ್ಕೆ ಅಷ್ಟು ಸಾಕಾಯಿತು. ಆರು ತಿಂಗಳಲ್ಲಿ ಅಂಗಡಿ ಮುಚ್ಚಿತು. ಅಕ್ಕನಿಗೆ ಆಗ ಹನ್ನೊಂದು ವರ್ಷ. ಬೇರೆಯವರ ವಸ್ತು ನಮ್ಮ ಹತ್ತಿರ ಒಂದು ರಾತ್ರಿಯೂ ಇರಕೂಡದು ಎನ್ನುವುದು ಅವತ್ತೇ ಅವರ ತಲೆಗೆ ಹೊಕ್ಕಿದ್ದು.

ಈಗ ನನ್ನ ವಿಷಯ. ನಾನು ಮೊಬೈಲಿನಲ್ಲಿ ಒಂದು ಯುದ್ಧದ ಆಟ ಆಡುತ್ತೇನೆ. ಮೂವತ್ತೆಂಟು ವರ್ಷ, ಎಂಟನೇ ಕ್ಲಾಸಿನ ಮಗಳಿದ್ದಾಳೆ, ಆದರೂ ಆಡುತ್ತೇನೆ. ನಗುವವರು ನಕ್ಕು ಮುಗಿಸಿ ಆಮೇಲೆ ಮುಂದೆ ಓದಿ. ಆ ಆಟದ ಕತ್ತಿ, ಕವಚ, ಕೈಗವಸುಗಳನ್ನು ಜನ ನಿಜವಾದ ದುಡ್ಡಿಗೆ ಮಾರುತ್ತಾರೆ, ಕೊಳ್ಳುತ್ತಾರೆ. ನಾನೂ ಫಳಫಳ ಹೊಳೆದದ್ದನ್ನೆಲ್ಲ ಕೊಂಡು, ಬೆಲೆ ಬಿದ್ದ ಮೇಲೆ ಮಾರಿ, ಕೈ ಸುಟ್ಟುಕೊಂಡಿದ್ದೆ. ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೂಗೊರೆಸಿಕೊಳ್ಳುತ್ತಾ ಕೂತಿದ್ದಾಗ ಅಕ್ಕ ಬಗ್ಗಿ ನೋಡಿದರು.

"ಏನೇ ಅದು? ಮುಟ್ಟೋಕೂ ಸಿಗದ ಒಡವೆ! ತೋರ್ಸು ಇಲ್ಲಿ."

ಒಂದು ಚೀಟಿ ತಿರುಗಿಸಿ ಅದರ ಬೆನ್ನಿಗೆ ಮೂರು ಸಾಲು ಬರೆದರು. ಮೊದಲ ಸಾಲು, ಒಂದು ಗಂಟೆಯೊಳಗೆ ಮಾರಲೇಬೇಕು ಅಂದರೆ ಎಷ್ಟು ಸಿಗುತ್ತದೆ. ಎಲ್ಲರೂ ಕೇಳುತ್ತಿರುವ ಬೆಲೆಯಲ್ಲ, ಯಾರೋ ಒಬ್ಬ ಈಗಲೇ ಕೊಡುವ ಬೆಲೆ. ಎರಡನೆಯದು, ಮಾರಾಟದ ಸೈಟಿನವರು ಮುರಿದುಕೊಳ್ಳುವ ಪಾಲು, ನೂರಕ್ಕೆ ಹದಿನೈದು. ಮೂರನೆಯ ಸಾಲು ಓದಿ ನನಗೆ ನಗು ಬಂತು: ಪೂರ್ತಿ ಹೋದರೆ ಎಷ್ಟು ದಿನ ಊಟ ಸೇರುವುದಿಲ್ಲ.

"ಲಾಭ ಎಲ್ಲಕ್ಕ ಬರೆಯೋದು?"

"ಇಷ್ಟು ಬರೆದ ಮೇಲೂ ಜಾಗ ಉಳಿದ್ರೆ ಬರಿ. ಎರಡು ದಿನಕ್ಕಿಂತ ಜಾಸ್ತಿ ಊಟ ಬಿಡಿಸೋ ವಸ್ತು ಮುಟ್ಲೇಬೇಡ."

ಆ ಚೀಟಿಯ ದೆಸೆಯಿಂದ ಆರು ತಿಂಗಳಲ್ಲಿ ನನ್ನ ನಷ್ಟ ನಿಂತಿತು, ಮಗಳಿಗೆ ಸೈಕಲ್ ಬಂತು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಆಟದವರ ಗ್ರೂಪಿನಲ್ಲಿ ಕೊಚ್ಚಿಕೊಂಡೆ: ನಮ್ಮಲ್ಲೊಬ್ಬ ಅಕ್ಕ ಇದ್ದಾರೆ, ಇಪ್ಪತ್ತೆರಡು ವರ್ಷ ಚಿನ್ನ ನೋಡಿದ ಕೈ. ಕಚೇರಿ ಯಾವುದು, ಯಾವ ಬೀದಿ, ಅದನ್ನೂ ಬರೆದೆ. ನನ್ನಂಥ ಪೆದ್ದಿ ಇನ್ನೊಬ್ಬಳಿಲ್ಲ.

ಈ ವ್ಯಾಪಾರದಲ್ಲಿ ಮೊದಲು ಕೊಟ್ಟವನು ಕೆಟ್ಟ. ಕತ್ತಿ ಕೊಟ್ಟರೆ ದುಡ್ಡು ಬರುತ್ತೋ ಇಲ್ಲವೋ, ದುಡ್ಡು ಕೊಟ್ಟರೆ ಕತ್ತಿ ಬರುತ್ತೋ ಇಲ್ಲವೋ. ಅದಕ್ಕೇ ನಡುವೆ ನಂಬಿಕಸ್ಥರೊಬ್ಬರು ಬೇಕು. ಕತ್ತಿ ಅವರ ಅಕೌಂಟಿಗೆ ಹೋಗುತ್ತದೆ, ದುಡ್ಡು ಮುಟ್ಟಿತು ಎಂದು ಮಾರಿದವನು ಹೇಳಿದ ಮೇಲೆ ಅವರು ಕೊಂಡವನಿಗೆ ಕತ್ತಿ ದಾಟಿಸುತ್ತಾರೆ. ಗ್ರೂಪಿನವರು ಅಕ್ಕನನ್ನು ಕೇಳಿದರು. ಬೀಗ ಮೂರು ಸಲ ಜಗ್ಗುವ ಹೆಂಗಸು ಇದಕ್ಕೆ ಒಂದು ನಿಮಿಷವೂ ಯೋಚಿಸದೆ ಹೂಂ ಅಂದರು. ಜೀವನವಿಡೀ ಮಾಡಿದ್ದೇ ಅದಲ್ಲವೇ, ಯಾರದೋ ವಸ್ತು ಕೈಗೆ ತಗೊಂಡು ವಾಪಸ್ ಕೊಡುವುದು! ಅವರ ಮೊಬೈಲಿನಲ್ಲಿ ನಾನೇ ಒಂದು ಅಕೌಂಟ್ ತೆರೆದುಕೊಟ್ಟೆ. ಬಿಡಿಗಾಸು ಮುಟ್ಟದೆ ಹದಿನೇಳು ವ್ಯಾಪಾರ ದಾಟಿಸಿದರು. ಟೀ ಆರುವಷ್ಟು ಹೊತ್ತು ಕೂಡ ಯಾವುದೂ ಅವರ ಹತ್ತಿರ ಉಳಿಯಲಿಲ್ಲ.

ಇವುಗಳಿಗೆ ಮೂರು ಸಾಲಿನ ಚೀಟಿ ಯಾಕೆ ಬರೆಯುವುದಿಲ್ಲ ಎಂದು ನಾನು ಒಮ್ಮೆ ಕೇಳಿದ್ದೆ. "ನಂದಲ್ವಲ್ಲೇ. ಅದಕ್ಕೇನು ಲೆಕ್ಕ?" ಅಂದಿದ್ದರು.

ಹದಿನೆಂಟನೆಯದು ಒಂದು ಮಂಗಳವಾರ. 'ಬಾವಲಿ' ಎಂಬ ಅಡ್ಡಹೆಸರಿನವನ ನೀಲಿ ಕತ್ತಿ. ಅದರ ಬೆಲೆ ನನ್ನ ಎಂಟು ತಿಂಗಳ ಸಂಬಳ. ನಾಲ್ಕು ವರ್ಷ ಆಡಿ ಗಳಿಸಿದ್ದು, ಮಾರಿ ಮನೆಗೆ ಅಡ್ವಾನ್ಸ್ ಕಟ್ಟಬೇಕು ಎಂದು ಬರೆದಿದ್ದ. ಮಧ್ಯಾಹ್ನ ಒಂದೂ ಹತ್ತಕ್ಕೆ ಕತ್ತಿ ಅಕ್ಕನ ಅಕೌಂಟಿಗೆ ಬಂತು. ಆ ಕ್ಷಣಕ್ಕೇ ಆಟ ನಿಂತುಹೋಗಿ, ಹೊಸ ಅಪ್‌ಡೇಟ್ ಎಂದು ಕೆಂಪು ಅಕ್ಷರ ಮೂಡಿತು. ಇನ್ನು ಮುಂದೆ ಕೈ ಬದಲಾದ ವಸ್ತುವನ್ನು ಏಳು ದಿನ ಯಾರಿಗೂ ಕೊಡುವಂತಿಲ್ಲ; ಆಮೇಲೆ ಮೊದಲಿನ ಒಡೆಯನಿಗೇ ಮರಳಿದರೆ ಮಾತ್ರ ಅವನು ಮತ್ತೆ ಏಳು ದಿನ ಕಾಯಬೇಕಿಲ್ಲ. ಅದರ ಕೆಳಗೇ, ಮುಂದಿನ ವಾರದಿಂದ ನೀಲಿ ಕತ್ತಿ ಎಲ್ಲರಿಗೂ ಸಿಗಲಿದೆ.

ಕೊಳ್ಳುವವನು ಆ ಗಳಿಗೆಯಲ್ಲೇ ಜಾಗ ಖಾಲಿ ಮಾಡಿದ.

"ವಾಪಸ್ ಕಳ್ಸೇ. ಬಾವಲಿಗೇ ವಾಪಸ್ ಕಳ್ಸು," ಅಕ್ಕ ನನ್ನ ತೋಳು ಹಿಡಿದಿದ್ದರು. ಒತ್ತಿದೆ. ಬೀಗದ ಚಿತ್ರ ಬಂತು. ಮತ್ತೆ ಒತ್ತಿದೆ. ಬೀಗ. ಅಕ್ಕನ ಉಗುರು ನನ್ನ ತೋಳಿನೊಳಗೆ ಇಳಿಯಿತು. "ಏಳು ರಾತ್ರಿ," ಅಂದರು, ನನಗಲ್ಲ.

ಅವತ್ತಿನಿಂದ ಅವರ ಊಟದ ಡಬ್ಬಿ ತಂದ ಹಾಗೇ ಮನೆಗೆ ವಾಪಸ್ ಹೋಯಿತು.

ಬಾವಲಿಗೆ ಎಲ್ಲ ವಿವರಿಸಿ ಬರೆದೆವು. ಅವನು ಬರೆದ ಉತ್ತರ ಒಂದೇ ಸಾಲು: "ಕದ್ದೋರೆಲ್ಲ ಹಿಂಗೇ ಹೇಳೋದು." ಬುಧವಾರ ಕತ್ತಿಯ ಬೆಲೆ ನೂರು ಅಂತ ಇಟ್ಟುಕೊಂಡರೆ ಎಪ್ಪತ್ತೆಂಟಕ್ಕೆ ಇಳಿದಿತ್ತು. ಅಕ್ಕ ಅವತ್ತು ಚೀಟಿ ತೆಗೆದರು. ಮೊದಲ ಸಾಲು ಬರೆದರು, ಎರಡನೆಯದು ಬರೆದರು, ಮೂರನೆಯದಕ್ಕೆ ಪೆನ್ನು ನಿಂತಿತು. "ನನ್ನ ಊಟದ ಲೆಕ್ಕ ಅಲ್ವಲ್ಲೇ ಇದು. ಅವನ ಊಟದ್ದು. ಅದು ನಂಗೆ ಹೆಂಗೆ ಗೊತ್ತಾಗ್ಬೇಕು?"

ಸಂಜೆ ಬಾವಲಿಯಿಂದ ಒಂದು ಫೋಟೋ ಬಂತು. ಮಾತಿಲ್ಲ, ಬರೀ ಫೋಟೋ. ಇಳಿಸಿದ ನಮ್ಮ ಕಚೇರಿಯ ಶಟರು, ಅದರ ಮುಂದೆ ಬಗ್ಗಿ ಬೀಗ ಜಗ್ಗುತ್ತಿರುವ ಅಕ್ಕನ ಬೆನ್ನು.

ಮ್ಯಾನೇಜರಿಗೆ ಹೇಳಿಬಿಡೋಣ ಎಂದೆ. ಅಕ್ಕ ತಲೆಯಾಡಿಸಿದರು. ಗಿರಾಕಿಯಾಗಲಿ ಯಾರಾಗಲಿ, ಬೇರೆಯವರ ವಸ್ತುವನ್ನು ಖಾಸಗಿಯಾಗಿ ಇಟ್ಟುಕೊಳ್ಳುವುದಿಲ್ಲ ಎಂದು ಒಡವೆ ನೋಡುವವರು ವರ್ಷ ವರ್ಷ ಸಹಿ ಹಾಕಬೇಕು. ಹೇಳಿದ ದಿನವೇ ಕೆಲಸ ಹೋಗುತ್ತದೆ. ಕೆಲಸ ಹೋದರೂ ಬದುಕಿಯಾರು. ಅಕ್ಕ ಯಾರದೋ ಮಾಲು ಇಟ್ಟುಕೊಂಡಿದ್ದಳಂತೆ ಎಂಬ ಮಾತು ಹುಟ್ಟಿತೋ, ಅಪ್ಪನ ಗತಿಯೇ.

ಗುರುವಾರ ಎದುರಿನ ಪಂಕ್ಚರ್ ಅಂಗಡಿಯ ಬೆಂಚಿನ ಮೇಲೆ ಒಬ್ಬ ಬಂದು ಕೂತ. ಕಂದು ಜಾಕೆಟ್ಟು, ತೆಳ್ಳಗಿನ ಮೈ. ನಮ್ಮ ಬಾಗಿಲನ್ನೇ ನೋಡುತ್ತಾನೆ, ಸಣ್ಣ ಪುಸ್ತಕ ತೆಗೆದು ಏನೋ ಗೀಚುತ್ತಾನೆ, ಮತ್ತೆ ನೋಡುತ್ತಾನೆ. ಚಿನ್ನ ತುಂಬಿದ ಕಚೇರಿಯ ಎದುರು ಒಬ್ಬ ಕೂತು ಬರೆದುಕೊಂಡರೆ ಏನು ಅರ್ಥ? ಯಾವಾಗ ತೆರೆಯುತ್ತಾರೆ, ಯಾವಾಗ ಗಾರ್ಡು ಬೀಡಿಗೆ ಹೋಗುತ್ತಾನೆ, ಅದೇ ತಾನೇ? ಶುಕ್ರವಾರವೂ ಬಂದ. ಶನಿವಾರವೂ ಬಂದ. ನನ್ನ ಮೇಜಿನಡಿ ಅಪಾಯದ ಗಂಟೆಯ ಗುಂಡಿಯಿದೆ. ಒಂಬತ್ತು ವರ್ಷದಲ್ಲಿ ಅದರ ಕಡೆ ತಿರುಗಿಯೂ ನೋಡದವಳು ಆ ಮೂರು ದಿನ ಚಪ್ಪಲಿ ಬಿಟ್ಟು ಅದರ ಮೇಲೇ ಕಾಲಿಟ್ಟುಕೊಂಡು ಕೂತೆ.

ಅಕ್ಕ ಬಿಟ್ಟ ಆಸಿಡ್ ತೊಟ್ಟು ಕಲ್ಲಿನ ಮೇಲೆ ಬೀಳದೆ ಮೇಜಿನ ಮೇಲೆ ಬಿದ್ದು ಬಿಳಿ ಕಲೆಯಾಯಿತು. ಒಂದೇ ಗೆರೆಗೆ ಹೇಳುತ್ತಿದ್ದವರು ಮೂರು ಮೂರು ಸಲ ಉಜ್ಜುತ್ತಿದ್ದರು. ಮೊಬೈಲು ತಕ್ಕಡಿ ಪೆಟ್ಟಿಗೆಯ ಕೆಳಗೆ, ಗಳಿಗೆಗೊಮ್ಮೆ ತೆಗೆದು, "ಇದೆಯೇನೇ? ನೋಡು, ಇದೆಯಾ?" ಭಾನುವಾರ ರಜೆ ಎಂದು ನೆಮ್ಮದಿಯಿತ್ತೇ? ಮನೆಯಿಂದ ಹನ್ನೊಂದು ಸಲ ಫೋನ್ ಮಾಡಿದರು. ಬೆಲೆ ಐವತ್ತಕ್ಕೆ ಬಂದಿತ್ತು.

ಸೋಮವಾರ ಹನ್ನೆರಡರ ಹೊತ್ತಿಗೆ ಬೆಂಚಿನಿಂದ ಅವನು ಎದ್ದ. ರಸ್ತೆ ದಾಟಿದ. ಬಾಗಿಲು ತಳ್ಳಿ ಒಳಗೆ ಬಂದ. ನನ್ನ ಕಾಲು ಗುಂಡಿಯ ಮೇಲೆ ಮರದ ಹಾಗೆ ಬಿಗಿಯಿತು, ಒತ್ತಲು ಮಾತ್ರ ಆಗಲಿಲ್ಲ. ಒತ್ತಿದರೆ ಪೊಲೀಸು, ಪೊಲೀಸು ಬಂದರೆ ಎಲ್ಲ ಹೊರಗೆ. ಅವನು ನೆಟ್ಟಗೆ ಅಕ್ಕನ ಮುಂದೆ ನಿಂತು ಜೇಬಿನಿಂದ ಒಂದು ಬಳೆ ತೆಗೆದಿಟ್ಟ.

"ರೋಲ್ಡ್ ಗೋಲ್ಡ್ ಅಂತೆ ಇದು. ಬಿಸಾಕೋದಾ ಏನು, ಒಂಚೂರು ನೋಡಿ."

ಅಕ್ಕ ಅವನ ಮುಖ ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ. ಬಳೆ ಉಜ್ಜಿದರು, ತೊಟ್ಟು ಬಿಟ್ಟರು, ತೂಗಿದರು. ಬಳೆಯನ್ನೇ ನೋಡುತ್ತಾ ಹೇಳಿದರು. "ಯಾರಪ್ಪ ಹೇಳಿದ್ದು ರೋಲ್ಡ್ ಗೋಲ್ಡ್ ಅಂತ? ಅಪ್ಪಟ ಚಿನ್ನ. ಹನ್ನೆರಡು ಗ್ರಾಂ ಇದೆ. ಹಿಂಗೆ ಜೇಬಲ್ಲಿ ಹಾಕ್ಕೊಂಡು ಓಡಾಡ್ಬೇಡ." ಅವನ ಅಂಗೈಯಲ್ಲಿ ಬಳೆ ಇಟ್ಟು, ಅವನ ಬೆರಳು ಒಂದೊಂದಾಗಿ ಮಡಚಿದರು.

ಅವನು ಹೋಗಲಿಲ್ಲ. ಮುಚ್ಚಿದ ಮುಷ್ಟಿ ನೋಡುತ್ತಾ ನಿಂತ.

"ನಾನು ಬಾವಲಿ, ಅಕ್ಕ."

ಅಕ್ಕ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದರು. ಅವನು ಪುಸ್ತಕ ತೆಗೆದು ಕೌಂಟರಿನ ಮೇಲೆ ಬಿಡಿಸಿಟ್ಟ. ಪುಟದ ತುಂಬ ಗೀಟುಗಳು, ಐದೈದರ ಕಟ್ಟು. "ನಾಲ್ಕು ದಿನ ಕೂತೆ. ಲಿಫ್ಟ್ ರಿಪೇರಿ ಕೆಲಸ ನಂದು, ರಜಾ ಹಾಕಿ ಕೂತೆ. ಅರವತ್ತೊಂದು ಜನ ಒಳಗೆ ಬಂದ್ರು. ಹೊರಗೆ ಬಂದೋರ ಕೈ ನೋಡ್ತಿದ್ದೆ. ಒಡವೆ ಇಟ್ಟೋರ ಕೈಲಿ ಚೀಟಿ, ಇಡದೋರ ಕೈಲಿ ಒಡವೆ. ಒಬ್ಬರೂ ಬರಿಗೈಲಿ ಬರ್ಲಿಲ್ಲ." ಮುಷ್ಟಿ ಬಿಚ್ಚಿ ಬಳೆ ತೋರಿಸಿದ. "ಈ ಬಳೆ ನಮ್ಮಮ್ಮಂದು. ಚಿನ್ನ ಅಂತ ನಂಗೆ ಗೊತ್ತಿತ್ತು. ಇದನ್ನೂ ನೋಡಿಬಿಡೋಣ ಅಂತ."

"ಆ ಫೋಟೋ ಯಾಕೋ ಕಳಿಸ್ದೆ, ಪಾಪಿ?" ನನ್ನ ಬಾಯಿಂದ ಹೊರಟೇಬಿಟ್ಟಿತು.

"ನೀವು ಓಡಿಹೋಗ್ಬಾರ್ದು ಅಂತ. ಭಯ ಆಗಿತ್ತು, ಮೇಡಂ."

ಮರುದಿನ ಒಂದು ಗಂಟೆಗೇ ಬಂದ. ಬಾ ಎಂದಿದ್ದವರು ಅಕ್ಕನೇ; ಎದುರಿಗೆ ನಿಂತವನಿಗೇ ಕೊಡುತ್ತೇನೆ ಎಂದಿದ್ದರು. ನಾನು ಮಾತ್ರ ಅವತ್ತೂ ಗುಂಡಿಯ ಮೇಲಿಂದ ಕಾಲು ತೆಗೆಯಲಿಲ್ಲ. ಒಂದೂ ಹತ್ತಕ್ಕೆ ಬೀಗದ ಚಿತ್ರ ಮಾಯವಾಯಿತು. ಅಕ್ಕ ಒತ್ತಿದರು. ಅವನ ಮೊಬೈಲು ಟಿಣ್ ಎಂದಿತು. ಅದೇ ಹೊತ್ತಿಗೆ ಮ್ಯಾನೇಜರು ತಮ್ಮ ಕೋಣೆಯ ಬಾಗಿಲು ತೆರೆದು ಹೊರಗೆ ಬರಬೇಕೇ!

"ಏನಕ್ಕ, ಇವರು ಏನಿಟ್ರು?"

ಅಕ್ಕ ಎದ್ದು ನಿಂತರು. "ಏನೂ ಇಡ್ಲಿಲ್ಲ ಸಾರ್. ಅವರದ್ದನ್ನ ಅವರು ತಗೊಂಡ್ರು." ಮ್ಯಾನೇಜರು ಹೂಂ ಎಂದು ಒಳಗೆ ಹೋದರು.

ಬೆಲೆ ನಲವತ್ತೊಂದಕ್ಕೆ ನಿಂತಿತ್ತು. ಮಿಕ್ಕ ಐವತ್ತೊಂಬತ್ತನ್ನು ತಾವೇ ತುಂಬಿಕೊಡುವುದಾಗಿ ಅಕ್ಕ ಹೇಳಿದರು. "ರೂಲ್ಸ್ ಮಾಡಿದೋರು ನೀವಾ? ಬಿಡಿ ಅಕ್ಕ," ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ, "ಈಗ ಮಾರ್ಲಾ, ಇಟ್ಕೊಳ್ಲಾ?"

ಅಕ್ಕ ಬುಧವಾರದ ಚೀಟಿ ಹುಡುಕಿ ತೆಗೆದರು. ಮೊದಲ ಸಾಲು ಹೊಡೆದುಹಾಕಿ ಹೊಸದು ಬರೆದರು. ಮೂರನೆಯ ಸಾಲಿಗೆ ಪೆನ್ನು ಇಟ್ಟು ಅವನ ಮುಖ ನೋಡಿದರು.

"ಇದು ಪೂರ್ತಿ ಹೋಗಿಬಿಟ್ರೆ, ನಿಂಗೆ ಎಷ್ಟು ದಿನ ಊಟ ಸೇರಲ್ಲ?"

"ಹೋಗೋವರೆಗೂ ಯಾಕಕ್ಕ? ನಾನು ನೆಟ್ಟಗೆ ಉಂಡು ಇವತ್ತಿಗೆ ಏಳು ದಿನ."

ಅಕ್ಕ 'ಏಳು' ಎಂದು ಬರೆದರು. ಪಕ್ಕದಲ್ಲಿ ತಮ್ಮದೂ ಒಂದು 'ಏಳು' ಬರೆದರು. "ಇವತ್ತೇ ಮಾರಿಬಿಡು," ಎನ್ನುತ್ತಾ ಚೀಟಿ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಬಗ್ಗಿ ಮೇಜಿನಡಿಯಿಂದ ಡಬ್ಬಿ ತೆಗೆದರು.

"ನಡಿ, ಹಿಂದ್ಗಡೆ ಮೆಟ್ಟಿಲ ಮೇಲೆ ಕೂತ್ಕೊಳ್ಳೋಣ. ಇಬ್ಬರಿಗಾಗುವಷ್ಟಿದೆ. ಸೇರುತ್ತಾ ನೋಡೋಣ."

ನಾನು ಗುಂಡಿಯಿಂದ ಕಾಲು ತೆಗೆದು, ಚಪ್ಪಲಿ ಹುಡುಕಿ ಹಾಕಿಕೊಂಡು, ಅವರಿಬ್ಬರಿಗೂ ನೀರು ತರಲು ಎದ್ದೆ.