ಹುಟ್ಟಿಸಿದವನ ಮೇಲಿನ ಸಿಟ್ಟು

ನನ್ನ ಗಂಡ ತೀರಿಕೊಂಡಾಗ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಹುಟ್ಟಿಸಿದಾಂವ ಕರಕೊಂಡಾನ್ರೀ, ನಮ್ಮ ಕೈಯಾಗ ಏನೈತಿ?" ಅನಗೋಳದ ನಮ್ಮ ಓಣಿಯವರು, ಬಳಗದವರು, ನಾನು ಕನ್ನಡ ಕಲಿಸುವ ಖಾನಾಪುರದ ಶಾಲೆಯವರು, ಎಲ್ಲರೂ ಅದನ್ನೇ ಅಂದರು. ನಾನು ತಲೆಯಾಡಿಸುತ್ತಿದ್ದೆ. ಒಳಗೆ ಸಿಟ್ಟು ಕುದಿಯುತ್ತಿತ್ತು. ಬೆಳಿಗ್ಗೆ ಪೂಜೆಗೆ ಕೂತರೆ ಅಂಗೈ ಮೇಲಿನ ಲಿಂಗವನ್ನು ನೋಡಲೂ ಮನಸ್ಸಾಗುತ್ತಿರಲಿಲ್ಲ. ಪೂಜೆ ಬಿಟ್ಟೆ.

ಆ ಮಾತು ಆಡದವಳು ಒಬ್ಬಳೇ. ನಮ್ಮ ಶಾಲೆಯಲ್ಲೇ ಗಣಿತ ಕಲಿಸುವ ಜೈನರ ಹೆಣ್ಣುಮಗಳು. ತವರು ಪಾರಿಶ್ವಾಡ, ಈಗ ಇರುವುದು ನಮ್ಮ ಪಕ್ಕದ ಓಣಿಯಲ್ಲಿ. ಸಂಜೆ ರೊಟ್ಟಿ, ಪಲ್ಯ ಕಟ್ಟಿಕೊಂಡು ಬರುತ್ತಿದ್ದಳು. ಹೊತ್ತು ಮುಳುಗುವುದರೊಳಗೆ ಅವಳ ಊಟ ಮುಗಿಯಬೇಕು, ಹಾಗಾಗಿ ನಾನೂ ಬೆಳಕಿರುವಾಗಲೇ ಅವಳ ಜೊತೆ ನಾಲ್ಕು ತುತ್ತು ಉಣ್ಣುತ್ತಿದ್ದೆ.

ಒಂದು ದಿನ ಕೇಳಿಯೇ ಬಿಟ್ಟೆ. "ದೇವರು ಕರಕೊಂಡಾ ಅಂತ ನೀ ಒಮ್ಮೆನೂ ಅನ್ನಲಿಲ್ಲಲ್ಲವಾ?"

"ನಮ್ಮಲ್ಲಿ ಹಂಗ ಅನ್ನೂದಿಲ್ರೀ ಅಕ್ಕಾ. ಈ ಜಗತ್ತು ಯಾರೂ ಮಾಡಿದ್ದಲ್ಲ. ಮಾಡಿದಾಂವನ ಇಲ್ಲಂದ್ರ ಕರಕೊಳ್ಳಾಂವ ಯಾರು?"

"ಒಂದು ರೊಟ್ಟಿ ಆಗಬೇಕಂದ್ರೂ ಬಡಿಯಾಕ ಒಬ್ಬಾಕಿ ಬೇಕು. ಇಷ್ಟೆಲ್ಲಾ ತಾನ ಆತೇನು?"

"ಹಂಗಾರ ಆ ದೇವರನ್ನ ಯಾರು ಮಾಡಿದ್ರು? ಅಂವ ಮೊದಲಿಂದ ಅದಾನ ಅಂತೀರಿ. ನಾವು ಅದ ಮಾತು ಜಗತ್ತಿಗೇ ಹೇಳತೀವ್ರೀ."

ನಾನು ಇನ್ನೊಂದು ತುತ್ತು ಮುರಿದೆ. ಮನಸ್ಸು ಹಗುರಾಯಿತು. ನನ್ನ ಗಂಡನನ್ನು ಯಾರೂ ಕಿತ್ತುಕೊಂಡು ಹೋಗಿಲ್ಲ, ಹೃದಯ ನಿಂತಿತು, ಅಷ್ಟೇ. ಕೆಲವು ದಿನ ಚೆನ್ನಾಗಿ ನಿದ್ದೆ ಬಂತು.

ಸಿಟ್ಟು ಮಾತ್ರ ಹೋಗಿರಲಿಲ್ಲ. ಡಾಕ್ಟರ ಮೇಲೆ, ಮೈದುನನ ಮೇಲೆ, ತರಗತಿಯ ಮಕ್ಕಳ ಮೇಲೆ ಹಾಯತೊಡಗಿತು. ಕೊನೆಗೊಂದು ದಿನ ಖಾನಾಪುರದ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನ ಸಲುವಾಗಿ ಈ ಗೆಳತಿಯ ಮೇಲೇ ರೇಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

"ನಾ ಏನ್ ಮಾಡೇನ್ರೀ ಅಕ್ಕಾ?" ಎಂದಳು. ಕಣ್ಣಲ್ಲಿ ನೀರಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಅಂಗೈಗೆ ತೆಗೆದುಕೊಂಡೆ. ಏನೂ ಬೇಡಲಿಲ್ಲ. ಹುಟ್ಟಿಸಿದವನನ್ನೇ ಬಾಯಿಗೆ ಬಂದಂತೆ ಬೈದೆ. ಬೈದು, ಅತ್ತು, ಚಹಾ ಕುಡಿದು ಬಸ್ಸಿಗೆ ಹೋದೆ. ಅವಳ ಕೈ ಹಿಡಿದುಕೊಂಡು ನಡೆದದ್ದನ್ನೆಲ್ಲ ಹೇಳಿದೆ.

ಅವಳು ನಕ್ಕಳು. "ಬೈಯಾಕ ಒಬ್ಬಾಂವ ಬೇಕು ಅನ್ನಿಸಿದ್ರ, ಅಂವ ಖರೇನ ಅದಾನ ಅಂತ ಆಗೂದಿಲ್ರೀ."

"ಗೊತ್ತೈತೆವಾ," ಎಂದೆ.

ಅವಳ ವಾದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಪೂಜೆಯನ್ನಂತೂ ಮತ್ತೆ ಬಿಟ್ಟಿಲ್ಲ. ಬೈಯುವುದು ಕಡಿಮೆಯಾಗಿದೆ.