ಲೀಲಕ್ಕನ ‘ಫ್ರೀ’ ಸ್ಕ್ಯಾನ್

ಕೋವಿಡ್ ಕಳೆದು ಜನ ಮಾಸ್ಕ್ ಬಿಟ್ಟ ವರ್ಷ. ಮಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ನಾನು ಪೇಷಂಟ್ ಕೌನ್ಸೆಲರ್ ಆಗಿದ್ದೆ. ಹೆಸರು ದೊಡ್ಡದು, ಕೆಲಸ ಒಂದೇ. ಡಾಕ್ಟರು ಚಿಕಿತ್ಸೆ ಬರೆದುಕೊಟ್ಟ ಮೇಲೆ ಅದಕ್ಕೆಲ್ಲ ಎಷ್ಟಾಗುತ್ತದೆ ಎಂದು ಮನೆಯವರಿಗೆ ಹೇಳುವುದು. ಕಾಯಿಲೆಯ ಹೆಸರು ಕೇಳಿ ಅರ್ಧ ಸತ್ತು ಬಂದವರನ್ನು ಪೂರ್ತಿ ಕೊಲ್ಲುವುದು ನೀನೇ ಎಂದು ನಮ್ಮ ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ಮಾಡುವವರಿಗೇನು? ಸಂಜೆ ಅತ್ತಾವರದ ಮನೆಗೆ ನಡೆದು ಬಂದರೆ ನನಗೆ ಚಪ್ಪಲಿ ಬಿಚ್ಚಿ ಬದಿಗಿಡುವಷ್ಟು ತ್ರಾಣವೂ ಉಳಿದಿರುತ್ತಿರಲಿಲ್ಲ.

‘ಒಟ್ಟು ಎಷ್ಟಾಗ್ತದೆ ಮೇಡಂ?’ ಎಲ್ಲರ ಪ್ರಶ್ನೆ ಇದೊಂದೇ, ಉತ್ತರ ಮಾತ್ರ ಒಂದಲ್ಲ. ಒಂದೇ ಔಷಧವನ್ನು ನಾಲ್ಕು ಕಂಪನಿಗಳು ನಾಲ್ಕು ದರಕ್ಕೆ ಮಾರುತ್ತವೆ. ಅದೇ ಇಂಜೆಕ್ಷನನ್ನು ಡೇ ಕೇರ್‌ನಲ್ಲಿ, ಅಂದರೆ ಬೆಳಿಗ್ಗೆ ಬಂದು ಕುರ್ಚಿಯಲ್ಲಿ ಕೂತು ಸಂಜೆ ಮನೆಗೆ ಹೋಗುವ ವಾರ್ಡಿನಲ್ಲಿ, ತೆಗೆದುಕೊಂಡರೆ ಒಂದು ಬಿಲ್ಲು, ಎಸಿ ಸಿಂಗಲ್ ರೂಮಿನಲ್ಲಿ ಮಲಗಿ ತೆಗೆದುಕೊಂಡರೆ ಇನ್ನೊಂದು ಬಿಲ್ಲು. ರೂಮಿನ ಬಾಡಿಗೆಯ ಜೊತೆಗೆ ಡಾಕ್ಟರ ಫೀಸು, ನರ್ಸಿಂಗ್ ಚಾರ್ಜು ಎಲ್ಲವೂ ಒಂದು ಮೆಟ್ಟಿಲು ಮೇಲೆ ಹತ್ತುತ್ತವೆ. ಇದನ್ನೆಲ್ಲ ವಿವರಿಸಿದ ಮೇಲೆ ಮನೆಯವರು ಬಾಗಿಲತ್ತ ಒಮ್ಮೆ ನೋಡಿ ದನಿ ಇಳಿಸುತ್ತಿದ್ದರು, ‘ಅಮ್ಮನಿಗೆ ಹೇಳ್ಬೇಡಿ ಆಯ್ತಾ.’ ಹೀಗೆ ನಮ್ಮಲ್ಲಿ ಎರಡು ದರಗಳಿದ್ದವು. ಕಟ್ಟುವವರಿಗೊಂದು, ಹಾಸಿಗೆಯಲ್ಲಿದ್ದವರಿಗೊಂದು. ನಾವು ಇದಕ್ಕೆ ಒಗ್ಗಿಹೋಗಿದ್ದೆವು.

ಬಿಕರ್ನಕಟ್ಟೆಯ ಹರೀಶ ಬಂದದ್ದೂ ಹಾಗೆಯೇ. ಗಲ್ಫಿನ ಟಯರ್ ವರ್ಕ್‌ಶಾಪ್‌ಗಳಲ್ಲಿ ವರ್ಷಗಟ್ಟಲೆ ದುಡಿದು, ಸುರತ್ಕಲ್ಲಿನಲ್ಲಿ ಸ್ವಂತ ಟಯರ್ ಅಂಗಡಿ ಹಾಕಬೇಕೆಂದು ಉಳಿತಾಯ ಕಟ್ಟಿಕೊಂಡು ಊರಿಗೆ ಬಂದವನು. ಅಷ್ಟರಲ್ಲಿ ತಾಯಿ ಲೀಲಕ್ಕನ ಕುತ್ತಿಗೆಯಲ್ಲಿ ಗಡ್ಡೆಗಳೆದ್ದವು. ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್. ಆರು ಸಲ ಕೀಮೋ, ನಾಲ್ಕಾದ ಮೇಲೆ ಒಂದು ಪೆಟ್ ಸ್ಕ್ಯಾನ್. ಪೂರ್ತಿ ಮಾಡಿದರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದರು. ಹರೀಶ ನನ್ನೆದುರು ಕೂತು ಎಲ್ಲ ಕೇಳಿಸಿಕೊಂಡು, ‘ಸರ್ಕಾರದ ಕಾರ್ಡು ಇಲ್ಲಿ ನಡೆಯುವುದಿಲ್ಲ, ಆದ್ರೂ ಅದ್ರಲ್ಲಿ ಪೂರಾ ಫ್ರೀ ಅಂತ ಅಮ್ಮನಿಗೆ ಹೇಳಿ ಮೇಡಂ. ಅಂಗಡಿ ದುಡ್ಡು ಅಂತ ಗೊತ್ತಾದ್ರೆ ಅವರು ಬಸ್ ಹತ್ತಿ ಮನೆಗೆ ಹೋಗ್ತಾರೆ’ ಎಂದ. ಆಯಿತು ಎಂದೆ.

ಲೀಲಕ್ಕ ಬಿಕರ್ನಕಟ್ಟೆಯಲ್ಲಿ, ಬಾಲಯೇಸುವಿನ ಕ್ಷೇತ್ರಕ್ಕೆ ಬರುವವರಿಗೆ ಗಂಜಿ ಊಟ, ನೀರುದೋಸೆ ಹಾಕುವ ಸಣ್ಣ ಹೋಟೆಲನ್ನು ಗಂಡ ತೀರಿದ ಮೇಲೆ ಒಬ್ಬಳೇ ನಡೆಸಿದ ಗಟ್ಟಿಗಿತ್ತಿ. ಮೊದಲ ದಿನವೇ ನನ್ನ ಟೇಬಲ್ಲಿಗೆ ಎರಡೂ ಕೈ ಊರಿ, ‘ಫ್ರೀ ಅಲ್ವಾ? ಹಾಗಾದ್ರೆ ಎಸಿ ರೂಮೇ ಇರ್ಲಿ ಮಾರಾಯ್ರೆ’ ಎಂದಳು. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ನಗು. ಹರೀಶ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ನಾಲ್ಕು ಕೀಮೋ ಎಸಿ ರೂಮಿನಲ್ಲೇ ಆದವು, ಸುಮಾರು ಎಪ್ಪತ್ತು ಸಾವಿರದಂತೆ.

ಪೆಟ್ ಸ್ಕ್ಯಾನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೈಯಲ್ಲಿ ಎಲ್ಲೆಲ್ಲಿ ಕಾಯಿಲೆ ಉಳಿದಿದೆ ಎಂದು ತೋರಿಸಲು ವಿಕಿರಣ ಬೆರೆಸಿದ ಸಕ್ಕರೆಯಂಥ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ನಮ್ಮಲ್ಲಿಗೆ ಹೊರ ಊರಿನಿಂದ, ಆ ದಿನದ ರೋಗಿಗಳ ಲೆಕ್ಕಕ್ಕೆ ಸರಿಯಾಗಿ ಬರುತ್ತಿತ್ತು. ಎರಡು ಗಂಟೆ ಕಳೆಯುವಷ್ಟರಲ್ಲಿ ಅದರ ಶಕ್ತಿ ಅರ್ಧಕ್ಕಿಳಿಯುತ್ತದೆ, ತೆಗೆದಿಟ್ಟು ನಾಳೆ ಕೊಡಲು ಬರುವುದಿಲ್ಲ. ರೋಗಿ ಖಾಲಿ ಹೊಟ್ಟೆಯಲ್ಲಿರಬೇಕು. ಸ್ಕ್ಯಾನಿಗೆ ಆಗ ನಮ್ಮಲ್ಲಿ ಇಪ್ಪತ್ತೊಂದು ಸಾವಿರ. ಹೇಳದೆ ತಪ್ಪಿಸಿಕೊಂಡರೆ ಔಷಧದ ಒಂಬತ್ತು ಸಾವಿರವನ್ನು ಕಟ್ಟಲೇಬೇಕಿತ್ತು.

ಸ್ಕ್ಯಾನಿನ ದಿನ ಬೆಳಿಗ್ಗೆ ಏಳಕ್ಕೆ ಇರಬೇಕಾದ ಲೀಲಕ್ಕ ಬಂದದ್ದು ಹನ್ನೊಂದು ಕಳೆದ ಮೇಲೆ, ಒಬ್ಬಳೇ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಕೈಯಲ್ಲೊಂದು ಸ್ಟೀಲ್ ಡಬ್ಬಿ ಹಿಡಿದು. ಆಟೊಗೆ ದುಡ್ಡು ಕೊಟ್ಟು ಹರೀಶ ಅಂಗಡಿಯ ಜಾಗ ನೋಡಲು ಸುರತ್ಕಲ್ಲಿಗೆ ಹೋಗಿದ್ದ.

‘ನೆರೆಮನೆ ಹುಡುಗಿಯ ಸೀಮಂತ ಮೇಡಂ. ಹೋಳಿಗೆಗೆ ಕೈ ಹಾಕುವವರು ಯಾರೂ ಇರ್ಲಿಲ್ಲ. ಫ್ರೀ ಸ್ಕ್ಯಾನಲ್ವಾ, ಲೇಟಾದ್ರೆ ಎಂತ ಹೋಗ್ತದೆ ಅಂತ ಎಣಿಸಿದೆ’ ಎಂದು ಡಬ್ಬಿಯನ್ನು ನನ್ನ ಟೇಬಲ್ಲಿನ ಮೇಲಿಟ್ಟಳು. ಎರಡು ಹೋಳಿಗೆ ತಿಂದೂ ಆಗಿತ್ತು.

ಸ್ಕ್ಯಾನಿನವರು ಆಗುವುದಿಲ್ಲ ಎಂದು ವಾಪಸು ಕಳಿಸಿದರು. ಬಿಲ್ಲಿಂಗ್ ಕೌಂಟರಿನಲ್ಲಿ ಹೊಸಬಳೊಬ್ಬಳು ಕೂತಿದ್ದಳು, ಅವಳಿಗೆ ನಮ್ಮ ಎರಡು ದರದ ಸಂಪ್ರದಾಯ ಗೊತ್ತಿರಲಿಲ್ಲ. ಒಂಬತ್ತು ಸಾವಿರ ಎಂದಳು. ಫ್ರೀ ಎಂದಳು ಲೀಲಕ್ಕ. ‘ಎಂತ ಫ್ರೀ ಅಮ್ಮ, ನಿಮ್ಮ ಮಗ ಇಷ್ಟರವರೆಗೆ ಮೂರು ಲಕ್ಷ ಹತ್ರ ಕಟ್ಟಿದ್ದಾರಲ್ಲ’ ಎಂದು ಆ ಹುಡುಗಿ ಕಂಪ್ಯೂಟರ್ ನೋಡಿ ಹೇಳಿಬಿಟ್ಟಳು.

ಲೀಲಕ್ಕ ನನ್ನ ಕೋಣೆಗೆ ಮರಳಿ ಬಂದಾಗ ಮುಖ ಬಾಡಿಹೋಗಿತ್ತು. ಕುರ್ಚಿ ಎಳೆದು ಕೂತಳು.

‘ನೀವು ಸಹ ಸುಳ್ಳು ಹೇಳಿದ್ದು.’

‘ಹೌದು ಲೀಲಕ್ಕ.’

‘ಹೋಟೆಲಿಗೆ ಬಂದ ಗಿರಾಕಿ ಒಂದು ಚಾಯಕ್ಕೂ ರೇಟ್ ಕೇಳ್ತಾನೆ. ನನ್ನ ಕಾಯಿಲೆಯ ರೇಟು ಆ ಕೌಂಟರಿನ ಹುಡುಗಿಗೂ ಗೊತ್ತುಂಟು, ನನಗೊಬ್ಬಳಿಗೆ ಇಲ್ಲ! ಈಗ ಹೇಳಿ. ಒಂದೂ ಬಿಡ್ಬೇಡಿ.’

ಹೇಳಿದೆ. ಎಸಿ ರೂಮಿನ ವಿಷಯ ಬಂದಾಗ ಆಕೆ ಹಣೆ ಚಚ್ಚಿಕೊಂಡಳು. ‘ಅಯ್ಯೋ ದೇವ್ರೇ, ಕೇಳಿದ್ದು ನಾನೇ ಅಲ್ವಾ! ಮಗನ ಬೆವರನ್ನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ತೊಳೆದೆನಲ್ಲ!’ ಆಮೇಲೆ ಸೆರಗಿನಿಂದ ಮುಖ ಒರೆಸಿ, ‘ಸಾಕು. ಗಡ್ಡೆ ಕರಗಿದೆ. ಇನ್ನು ಕೀಮೋ ಬೇಡ, ಸ್ಕ್ಯಾನೂ ಬೇಡ’ ಎಂದಳು. ನಾಲ್ಕಕ್ಕೆ ನಿಲ್ಲಿಸಿ ಹೋಗಿ, ಗಡ್ಡೆ ಮರಳಿದ ಮೇಲೆ ಬಂದವರನ್ನು ನಾನು ಕಂಡಿದ್ದೆ.

ಫೋನು ಮಾಡಿದ್ದಕ್ಕೆ ಹರೀಶ ಬೈಕಿನಲ್ಲಿ ಧಾವಿಸಿ ಬಂದ. ತಾಯಿ ಮಗನ ಜಗಳ ತುಳುವಿನಲ್ಲಿ ನಡೆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

‘ಅಂಗಡಿ ಎಲ್ಲಿಗೆ ಓಡಿ ಹೋಗ್ತದೆ ಅಮ್ಮ? ಮುಂದಿನ ವರ್ಷ ಹಾಕ್ತೇನೆ.’

‘ಅಂಗಡಿ ಓಡುವುದಿಲ್ಲ ಮಗಾ, ನಿನ್ನ ಪ್ರಾಯ ಓಡ್ತದೆ.’

ಅಷ್ಟು ದೊಡ್ಡ ಗಂಡಸು ನನ್ನೆದುರೇ ಅತ್ತುಬಿಟ್ಟ. ನಾನು ಡಾಕ್ಟರನ್ನು ಕರೆಸಿದೆ. ಗಡ್ಡೆ ಕೈಗೆ ಸಿಗದಿದ್ದರೂ ಒಳಗೆ ಉಳಿದಿರಬಹುದು, ಈಗ ಬಿಟ್ಟರೆ ಮರಳಿ ಬರಬಹುದು, ಬಂದರೆ ಈ ಔಷಧ ಸಾಕಾಗಲಿಕ್ಕಿಲ್ಲ, ಅಸ್ಥಿಮಜ್ಜೆ ಕಸಿಯವರೆಗೂ ಹೋಗಬೇಕಾದೀತು ಎಂದು ಅವರು ಹೇಳಿ ಹೋದರು. ಲೀಲಕ್ಕ ನನ್ನತ್ತ ತಿರುಗಿದಳು.

‘ಅದಕ್ಕೆಷ್ಟು?’

ಅಷ್ಟು ವರ್ಷಗಳಲ್ಲಿ ಚಿಕಿತ್ಸೆ ಬಿಟ್ಟರೆ ಎಷ್ಟಾಗುತ್ತದೆ ಎಂದು ನನ್ನಲ್ಲಿ ಕೇಳಿದ ಮೊದಲ ರೋಗಿ ಅವಳು. ಹತ್ತು ಲಕ್ಷಕ್ಕೆ ಕಡಿಮೆ ಇಲ್ಲ ಎಂದೆ.

ಆಕೆ ಹೋಳಿಗೆಯ ಡಬ್ಬಿಯನ್ನು ತನ್ನತ್ತ ಎಳೆದುಕೊಂಡಳು. ‘ಅರ್ಧ ಬೆಂದ ಅನ್ನ ಇಳಿಸಿದ್ರೆ ಬಡಿಸ್ಲಿಕ್ಕೂ ಆಗುವುದಿಲ್ಲ, ಪುನಃ ಅಕ್ಕಿ ಮಾಡ್ಲಿಕ್ಕೂ ಆಗುವುದಿಲ್ಲ’ ಎಂದಳು. ಆಮೇಲೆ ಸೆರಗು ಸಿಕ್ಕಿಸಿ, ಮೀನು ಮಾರ್ಕೆಟ್ಟಿನಲ್ಲಿ ನಿಂತಂತೆ ಚೌಕಾಸಿಗೆ ಇಳಿದಳು. ರೂಮು ಬೇಡ, ಕುರ್ಚಿ ಸಾಕು. ಔಷಧದಲ್ಲಿ ಕಡಿಮೆ ದರದ ಕಂಪನಿ ಉಂಟಾ? ಅದು ಆಗುತ್ತದೆಯೇ ಎಂದು ಡಾಕ್ಟರಲ್ಲೇ ಕೇಳಿ. ಡಾಕ್ಟರು ಆಗುತ್ತದೆ ಎಂದರು. ಒಂದು ಕೀಮೋ ಎಪ್ಪತ್ತರಿಂದ ನಲವತ್ತು ಸಾವಿರಕ್ಕೆ ಇಳಿಯಿತು. ತಾಯಿಗೆ ನೋವಾಗದಿರಲೆಂದು ಮಗ ಹೇಳಿದ ಸುಳ್ಳಿಗೆ ಅವನೇ ನಾಲ್ಕು ಕೀಮೋಗಳಲ್ಲಿ ಲಕ್ಷಕ್ಕೂ ಹೆಚ್ಚು ತೆತ್ತಿದ್ದ.

‘ಸ್ಕ್ಯಾನಿನ ದುಡ್ಡು ಮಾತ್ರ ನಾನೇ ಕೊಡುವುದು’ ಎಂದು ಹೇಳಿ ಎದ್ದಳು.

ಮರುವಾರ ಆಸ್ಪತ್ರೆಯ ಕ್ಯಾಂಟೀನು ತೆರೆಯುವ ಮೊದಲೇ ಲೀಲಕ್ಕ ಖಾಲಿ ಹೊಟ್ಟೆಯಲ್ಲಿ ಬಂದು ಕೂತಿದ್ದಳು. ಬಟ್ಟೆಯ ಚೀಲದಿಂದ ನೋಟುಗಳನ್ನು ತೆಗೆದು ತಾನೇ ಕೌಂಟರಿನಲ್ಲಿಟ್ಟಳು. ಇದೆಲ್ಲಿಂದ ಬಂತು ಎಂದು ಹರೀಶ ಕೇಳಿದ.

‘ಹೋಟೆಲಿನದ್ದು. ನನ್ನ ಬೊಜ್ಜಕ್ಕೆ ಅಂತ ತೆಗೆದಿಟ್ಟದ್ದು.’

ಬೊಜ್ಜ ಎಂದರೆ ನಮ್ಮ ತುಳುವರ ಉತ್ತರಕ್ರಿಯೆ. ಅಂದು ಊರಿಗೆ ಊಟ ಹಾಕಬೇಕು. ತನ್ನ ಸಾವಿನಿಂದ ಮಗ ಸಾಲಗಾರನಾಗಬಾರದೆಂದು ಆಕೆ ವರ್ಷಗಳಿಂದ ಕೂಡಿಸಿಟ್ಟ ಹಣ ಅದು. ಹರೀಶ ಬೇಡವೆಂದು ಕೈ ಹಿಡಿದ. ಆಕೆ ಕೊಡವಿಕೊಂಡಳು. ‘ಸತ್ತ ಮೇಲೆ ಊರವರು ಉಣ್ಣುವ ದುಡ್ಡು ಮಗಾ. ಬದುಕಿರುವಾಗ ನನಗೂ ಒಂದು ಪಾಲು ಬೇಡ್ವಾ?’ ಕೌಂಟರಿನ ಹುಡುಗಿ ತಲೆ ತಗ್ಗಿಸಿ ರಸೀದಿ ಕೊಟ್ಟಳು.

ಸ್ಕ್ಯಾನ್ ಚೆನ್ನಾಗಿ ಬಂತು. ಉಳಿದೆರಡು ಕೀಮೋಗಳನ್ನು ಲೀಲಕ್ಕ ಡೇ ಕೇರ್ ಕುರ್ಚಿಯಲ್ಲಿ ಕೂತು ಮುಗಿಸಿದಳು, ಪಕ್ಕದ ಕುರ್ಚಿಯವರಿಗೆಲ್ಲ ರೂಮಿನ ದರ ವಿವರಿಸುತ್ತಾ.

ಅಲ್ಲಿಂದ ಮುಂದೆ ಮನೆಯವರು ದನಿ ಇಳಿಸಿದಾಗಲೆಲ್ಲ ನಾನು, ರೋಗಿಯನ್ನೂ ಒಳಗೆ ಕರೆಯಿರಿ ಎನ್ನುತ್ತಿದ್ದೆ. ಬೈಸಿಕೊಂಡೆ, ಮೇಲಿನವರಿಗೆ ದೂರೂ ಹೋಯಿತು. ದರ ಕೇಳಿ ಎದ್ದು ಹೋಗಿ ಮರಳಿ ಬಾರದವರೂ ಇದ್ದಾರೆ. ಅವರ ಮುಖಗಳು ಇಂದಿಗೂ ನನ್ನನ್ನು ಬಿಟ್ಟಿಲ್ಲ, ಹೇಳದೇ ಇದ್ದಿದ್ದರೆ ಎಂದು ಎಷ್ಟೋ ಸಲ ಅನಿಸಿದೆ. ಆದರೂ ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ: ಬೆಲೆಯನ್ನು ಮೊದಲು ಹೇಳಬೇಕಾದದ್ದು ಹಾಸಿಗೆಯಲ್ಲಿದ್ದವರಿಗೆ. ಉಳಿಸಬೇಕಾದ್ದು ಯಾವುದು, ಬಿಡಬಹುದಾದ್ದು ಯಾವುದು ಎಂದು ಅವರಷ್ಟು ಚೆನ್ನಾಗಿ ಬೇರೆಯವರಿಗೆ ತಿಳಿಯುವುದಿಲ್ಲ.

ನಿವೃತ್ತಳಾದ ಮೇಲೆ ಒಮ್ಮೆ ಬಿಕರ್ನಕಟ್ಟೆಯ ಬಸ್ ಸ್ಟಾಪಿನಲ್ಲಿ ಲೀಲಕ್ಕ ಸಿಕ್ಕಿದಳು. ತಲೆ ತುಂಬ ಬಿಳಿ ಕೂದಲು ಬಂದಿತ್ತು. ಹರೀಶನ ಅಂಗಡಿ ಶುರುವಾಗಿದೆ, ಅಂದುಕೊಂಡದ್ದಕ್ಕಿಂತ ಸಣ್ಣದು ಎಂದಳು. ಆರೋಗ್ಯ ಹೇಗುಂಟು ಎಂದು ಕೇಳಿದೆ.

‘ಗಟ್ಟಿ ಇದ್ದೇನೆ ಮೇಡಂ. ಇರ್ಲೇಬೇಕಲ್ಲ? ಬೊಜ್ಜದ ದುಡ್ಡು ಖಾಲಿ. ಪುನಃ ಕೂಡಿಸುವವರೆಗೆ ಸಾಯುವ ಹಾಗಿಲ್ಲ.’